ಮೀನು ಬಿಟ್ರಂತೆ!

ನಿನ್ನೆ ಸಂಜೆಯಿಂದ ಫೇಸ್‌ಬುಕ್ ತೆಗೆದ್ರೆ ಒಂದೇ ಫೋಟೋ. ನಮ್ಮ ಗ್ಯಾಂಗಿನ ಒಬ್ಬ ಮಹಾಶಯರು ಬೋಟಿನ ಅಂಚಲ್ಲಿ ನಿಂತು, ಎರಡೂ ಕೈ ಉದ್ದಕ್ಕೆ ಮುಂದೆ ಚಾಚಿ (ಹಾಗೆ ಚಾಚಿದ್ರೆ ಮೀನು ದೊಡ್ಡದಾಗಿ ಕಾಣುತ್ತೆ, ಈ ಗುಟ್ಟು ಈಗ ಎಲ್ರಿಗೂ ಗೊತ್ತು ಬಿಡಿ) ಒಂದು ಮುರು ಮೀನು (ಇಂಗ್ಲಿಷಲ್ಲಿ ಗ್ರೂಪರ್) ಹಿಡ್ಕೊಂಡು ಹಲ್ಲು ಕಿರಿದಿದ್ದಾರೆ. ಕೆಳಗೆ "ಹಿಡಿದೆ, ಬಿಟ್ಟೆ, ಸಮುದ್ರದ್ದು ಸಮುದ್ರಕ್ಕೆ" ಅಂತ ಒಂದು ಸಾಲು, ಅದರ ಪಕ್ಕ ಕೈ ಮುಗಿಯೋ ಇಮೋಜಿ. ಕಾಮೆಂಟಲ್ಲಿ "ದೊಡ್ಡ ಮನಸ್ಸು ಬ್ರೋ", "ನಿಮ್ಮಂಥವರು ಬೇಕು ಸರ್".

ನಾನೂ ಅದೇ ಬೋಟಲ್ಲಿದ್ದೆ ಸ್ವಾಮಿ. ಆ ಮೀನು ಸಮುದ್ರದ ಒಳಗೆ ಹೋಗ್ಲೇ ಇಲ್ಲ. ಹೊಟ್ಟೆ ಮೇಲೆ ಮಾಡ್ಕೊಂಡು, ಕಣ್ಣು ಗುಡ್ಡೆ ಆಚೆ ಬಂದು, ಬೋಟಿನ ಹಿಂದೆ ತೇಲ್ತಾ ತೇಲ್ತಾ ಹೋಯ್ತು. ಒಂದೆರಡು ಸಲ ಬಾಲ ಬಡಿದು ತಲೆ ಕೆಳಗೆ ಮಾಡೋಕೆ ನೋಡ್ತು, ಆಗ್ಲಿಲ್ಲ, ಮತ್ತೆ ಬುಸಕ್ ಅಂತ ಮೇಲೆ ಬಂತು. ಅಷ್ಟೊತ್ತಿಗೆ ಇವನು ಫಿಲ್ಟರ್ ಹಾಕ್ತಾ ಕೂತಿದ್ದ.

ನಾನು ಸಸ್ಯಾಹಾರಿ ಅಲ್ಲ ಅಂತ ನಿಮಗೆಲ್ಲ ಗೊತ್ತೇ ಇದೆ, ಮೀನಿನ ಮೇಲೆ ನನಗಿರೋ ಪ್ರೀತಿ ಮುಖ್ಯವಾಗಿ ತಟ್ಟೆಯಲ್ಲೇ. ಹಾಗಾಗಿ ಇದು ಜೀವದಯೆಯ ಭಾಷಣ ಅಲ್ಲ. ಕೊಲ್ಲೋದಾದ್ರೆ ಕೊಲ್ಲಿ. ತಲೆಗೆ ಸರಿಯಾಗಿ ಒಂದು ಪೆಟ್ಟು, ಕಿವಿರು ಕೊಯ್ದು ರಕ್ತ ಬಸಿದು, ನೀರು ಬೆರೆಸಿದ ಐಸಲ್ಲಿ ಮುಳುಗಿಸಿಡಿ, ಮೀನಿಗೂ ಬೇಗ ಮುಗಿಯುತ್ತೆ, ರುಚಿಯೂ ಕೆಡಲ್ಲ. ಬಿಡೋದಾದ್ರೆ ಬದುಕೋ ಹಾಗೆ ಬಿಡಿ. ಎರಡೂ ಅಲ್ಲದೆ ಸಾಯಿಸಿ, ನೀರಿಗೆ ಎಸೆದು, ಮೇಲಿಂದ ಪುಣ್ಯ ಕಟ್ಕೊಳ್ಳೋ ಈ ಮೂರನೇ ದಾರಿ ಇದ್ಯಲ್ಲ, ಅದಕ್ಕೆ ನನಗೆ ಉರಿಯೋದು.

ದಿನ ಮಾತ್ರ ಅದ್ಭುತವಾಗಿತ್ತು, ಅದನ್ನ ಅಲ್ಲ ಅನ್ನಲ್ಲ. ಕತ್ತಲಿರೋವಾಗ್ಲೇ ಹೊರಟಿದ್ದು, ದಡ ಒಂದು ಗೆರೆ ಆಗಿ ಆಮೇಲೆ ಆ ಗೆರೆಯೂ ಹೋಯ್ತು, ಎಂಜಿನ್ ಆಫ್ ಮಾಡಿದ ಕೂಡ್ಲೇ ಒಬ್ಬನ ಹೊಟ್ಟೆ ಆನ್ ಆಯ್ತು. ವಾಂತಿ ಮಾತ್ರೆ ಬೋಟ್ ಹತ್ತೋಕೆ ಮುಂಚೆ ನುಂಗ್ಬೇಕು ಮಾರಾಯ ಅಂತ ಬಡ್ಕೊಂಡಿದ್ದೆ, ತೊಳಸೋಕೆ ಶುರುವಾದ್ಮೇಲೆ ನುಂಗಿದ ಮಾತ್ರೆಯೂ ಸಮುದ್ರ ಪಾಲು. ಅವನಿರ್ಲಿ ಪಾಪ.

ಬೋಟ್ ನಡೆಸೋ ತಾಂಡೇಲ್ರು ಫಿಶ್ ಫೈಂಡರ್ ಪರದೆ ತೋರಿಸಿದ್ರು. ನಲವತ್ತು ಮೀಟರ್ ಆಳ, ಕೆಳಗೆ ಕಲ್ಲು, ಕಲ್ಲಿನ ಮೇಲೆ ದಪ್ಪ ದಪ್ಪ ಕಮಾನು. "ಅಲ್ಲಿದೆ ನೋಡಿ" ಅಂದ್ರು. ಆ ಮಷಿನ್ ಶಬ್ದ ಕೆಳಗೆ ಕಳಿಸಿ ವಾಪಸ್ ಬರೋ ಪ್ರತಿಧ್ವನಿ ನೋಡುತ್ತೆ ಅಷ್ಟೇ, ಅದರಲ್ಲೂ ಪ್ರತಿಧ್ವನಿಯ ಹೆಚ್ಚಿನ ಪಾಲು ಬರೋದು ಮೀನಿನ ಮಾಂಸದಿಂದ ಅಲ್ಲ, ಹೊಟ್ಟೆಯೊಳಗಿನ ಗಾಳಿಚೀಲದಿಂದ. ಮೀನು ಒಂದೇ ಆಳದಲ್ಲಿ ಸುಮ್ನೆ ನಿಂತಿರೋಕೆ ಆಗೋದು ಅದೇ ಚೀಲದಿಂದ. ಅಂದ್ರೆ ಪರದೆ ಮೇಲೆ ಅದನ್ನ ಹಿಡ್ಕೊಟ್ಟಿದ್ದೂ ಆ ಚೀಲ, ಆಮೇಲೆ ಕೊಂದಿದ್ದೂ ಅದೇ ಚೀಲ.

ಹೇಗೆ ಅಂದ್ರೆ, ನೀರಲ್ಲಿ ಪ್ರತಿ 10 ಮೀಟರ್ ಇಳಿದ್ರೆ ಒಂದು ವಾತಾವರಣದಷ್ಟು ಒತ್ತಡ ಜಾಸ್ತಿ ಆಗುತ್ತೆ. 40 ಮೀಟರ್ ಅಂದ್ರೆ ಮೇಲಿನ ಗಾಳಿಯದ್ದೂ ಸೇರಿ ಐದು ಪಟ್ಟು. ಅಲ್ಲಿಂದ ಮೀನನ್ನ ಒಂದೆರಡು ನಿಮಿಷದಲ್ಲಿ ರೀಲ್ ಸುತ್ತಿ ಮೇಲೆ ಎಳೆದ್ರೆ ಆ ಚೀಲದೊಳಗಿನ ಗಾಳಿ ಐದು ಪಟ್ಟು ಹಿಗ್ಗೋಕೆ ನೋಡುತ್ತೆ. ಕೆಲವು ಜಾತಿ ಮೀನು ಬಾಯಿಂದ ಗಾಳಿ ಬಿಟ್ಟು ಬಚಾವಾಗ್ತವೆ. ಮುರು ಥರದವಕ್ಕೆ ಆ ದಾರಿಯೇ ಇಲ್ಲ, ರಕ್ತದ ಮೂಲಕ ನಿಧಾನವಾಗಿ ಇಳಿಸ್ಬೇಕು, ಅದಕ್ಕೆ ಗಂಟೆಗಟ್ಟಲೆ ಬೇಕು. ಹಾಗಾಗಿ ಕಣ್ಣು ಉಬ್ಬೋದು, ಜಠರ ಬಾಯಿಂದ ಗುಲಾಬಿ ಬಲೂನಿನ ಹಾಗೆ ಹೊರಗೆ ಬರೋದು. ಫೋಟೋ ಝೂಮ್ ಮಾಡಿ ನೋಡಿ, ಬಾಯಲ್ಲಿ ಕಾಣುತ್ತೆ. "ನಾಲಿಗೆ ಚಾಚಿದೆ ನೋಡೋ" ಅಂತ ನಗ್ತಿದ್ದ ಪುಣ್ಯಾತ್ಮ! ಇನ್ನೊಬ್ಬ ಅದನ್ನ ಪಿನ್ನಲ್ಲಿ ಚುಚ್ಚಿ ಗಾಳಿ ತೆಗಿಯೋಣ ಅಂತ ಹೊರಟ. ಅದು ಗಾಳಿಚೀಲ ಅಲ್ಲ ಕಣೋ, ಜಠರ, ಚುಚ್ಚಿದ್ರೆ ಬಿದ್ದ ಪೆಟ್ಟಿಗೆ ಇನ್ನೊಂದು ಪೆಟ್ಟು.

ಅಂಜಲ್ ಮೀನಿಗೆ ಈ ತಾಪತ್ರಯ ಇಲ್ಲ, ಅದಕ್ಕೆ ಗಾಳಿಚೀಲವೇ ಇರಲ್ಲ. ಆದ್ರೆ ಅದು ಬಿದ್ರೆ ಇವನು ಬಿಡ್ತಾನಾ? ಐಸ್ ಬಾಕ್ಸ್ ಮೇಲೆ ಕೂತೇ ವಾಪಸ್ ಬರ್ತಾನೆ. ಬಿಡೋ ಔದಾರ್ಯ ಎಲ್ಲ ಬಿಟ್ರೆ ಬದುಕದ ಮೀನಿನ ಮೇಲೇ!

ಅದರ ಮೇಲೆ ಫೋಟೋ ಸಂಭ್ರಮ ಬೇರೆ. ಮೊದ್ಲು ಬಿಸಿಲು ಎದುರಿಗಿತ್ತು ಅಂತ ಈ ಕಡೆ ತಿರುಗಿದ್ದು, ಆಮೇಲೆ ಕನ್ನಡಕ ಹುಡುಕಿದ್ದು, ಆಮೇಲೆ ಟೋಪಿ, ಆಮೇಲೆ "ಒಂದು ವೀಡಿಯೋ ಮಾಡೋ". ಮೀನು ಅಷ್ಟೂ ಹೊತ್ತು ಒಣ ಟವೆಲ್ಲಲ್ಲಿ. ಮೈ ಮೇಲಿನ ಲೋಳೆ ಅದಕ್ಕೆ ರೋಗ ತಡೆಯೋ ಮೊದಲ ಬೇಲಿ, ಅದನ್ನ ಒರೆಸಿ ತೆಗೆದಾಯ್ತು. ಎಳೆದಾಟದಲ್ಲಿ ಸುಸ್ತಾದ ಮೀನನ್ನ ಗಾಳಿಯಲ್ಲಿ ಇಟ್ರೆ ಏನಾಗುತ್ತೆ ಅಂತ 1992ರಲ್ಲಿ ರೇನ್‌ಬೋ ಟ್ರೌಟ್ ಮೀನಿನ ಮೇಲೆ ಪ್ರಯೋಗ ಮಾಡಿದ್ರು. ಬರೀ ಸುಸ್ತು ಮಾಡಿ ಬಿಟ್ಟವುಗಳಲ್ಲಿ ಸತ್ತಿದ್ದು ಶೇ. 12. ಸುಸ್ತಾದ್ಮೇಲೆ ಅರ್ಧ ನಿಮಿಷ ನೀರಿಂದ ಹೊರಗಿಟ್ಟವು ಶೇ. 38, ಒಂದು ನಿಮಿಷ ಇಟ್ಟವು ಶೇ. 72. ಟ್ರೌಟ್ ಸಿಹಿನೀರಿನ ಮೀನು, ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ಕೇಳೋಕೆ ಬರ್ತೀರ. ಲೆಕ್ಕ ಹೆಚ್ಚು ಕಮ್ಮಿ ಇರಬಹುದು ಒಪ್ಪಿದೆ, ಆದ್ರೆ ಕಿವಿರು ಇರೋದು ನೀರಿಗೆ ಅನ್ನೋದು ಎರಡಕ್ಕೂ ಒಂದೇ ತಾನೇ?

ಬೋಟಲ್ಲೇ ಇದನ್ನ ಹೇಳಿದ್ದಕ್ಕೆ ಬಂದ ಉತ್ತರ: "ದೊಡ್ಡ ದೊಡ್ಡ ಟ್ರಾಲರ್‌ಗಳು ಟನ್‌ಗಟ್ಟಲೆ ಬಾಚ್ತವೆ, ಬೇಡದ್ದನ್ನ ಸತ್ತಿದ್ದೇ ಆಚೆ ಸುರೀತವೆ, ನೀನು ನನ್ನ ಒಂದು ಮೀನಿಗೆ ಗಲಾಟೆ ಮಾಡ್ತೀಯ." ಟ್ರಾಲರ್ ಮಾಡೋದು ಸರಿ ಅಂತ ನಾನೆಲ್ಲಿ ಹೇಳಿದೆ? ಆದ್ರೆ ಟ್ರಾಲರ್‌ನವರು ಕೈ ಮುಗಿಯೋ ಇಮೋಜಿ ಹಾಕಲ್ಲ, ತಾವು ಸಮುದ್ರಕ್ಕೆ ಉಪಕಾರ ಮಾಡಿದ್ವಿ ಅಂತ ಲೈಕ್ ಕೇಳಲ್ಲ. "ಸತ್ರೆ ಇನ್ನೊಂದು ಮೀನು ತಿನ್ನುತ್ತೆ, ವೇಸ್ಟ್ ಏನಾಯ್ತು" ಅಂತ ಇನ್ನೊಂದು ವಾದ. ಹಾಗಾದ್ರೆ ಹಾಗೇ ಬರಿ, "ಕೊಂದು ಹದ್ದಿಗೆ ಹಾಕಿದೆ" ಅಂತ. ಎಷ್ಟು ಹಾರ್ಟ್ ಬೀಳುತ್ತೆ ನೋಡೋಣ.

ಒಂದು ಮಾತು ಹೇಳ್ಬಿಡ್ತೀನಿ, ಆಮೇಲೆ ನನ್ನನ್ನ ಸಂತ ಅಂದ್ಕೊಳ್ಬೇಡಿ. ತಂಗೂಸು (ಗಾಳದ ದಾರ) ಬಿಗಿಯಾಗಿ ರಾಡ್ ಬಾಗಿ ಕೆಳಗಿಂದ ಏನೋ ಗುದ್ದುತ್ತಲ್ಲ, ಅದರ ಮಜಾ ನನಗೂ ಚಟ. ಅಡುಗೆಗೆ ಮೀನು ಬೇಕಂದ್ರೆ ಮಾರ್ಕೆಟ್ ಇದೆ, ನಾವು ಹೋಗೋದು ಆ ಗುದ್ದಿಗೇ. ನಮ್ಮ ಮಜಾಕ್ಕೆ ಅದಕ್ಕೆ ನೋವಾಗುತ್ತೆ, ಗೊತ್ತಿದ್ದೂ ಹೋಗ್ತೀನಿ, ಮತ್ತೂ ಹೋಗ್ತೀನಿ. ಅದಕ್ಕೇ ಕೊನೇಪಕ್ಷ ಆಮೇಲಿನ ಕೆಲಸ ಸರಿಯಾಗಿ ಆಗ್ಲಿ ಅನ್ನೋ ಹಠ.

ದೊಡ್ಡ ವಿದ್ಯೆ ಏನೂ ಬೇಡ. ಪ್ಲಾಸ್ಟಿಕ್ ಕ್ರೇಟ್ ಒಂದನ್ನ ಬೋರಲು ಹಾಕಿ, ಅಂಚಿಗೆ ಸೀಸ ಕಟ್ಟಿ, ಮೇಲ್ಗಡೆ ಉದ್ದ ಹಗ್ಗ ಕಟ್ಟಿ. ತೇಲ್ತಿರೋ ಮೀನಿನ ಮೇಲೆ ಅದನ್ನ ಕವುಚಿ ಸೀದಾ ಕೆಳಗೆ ಇಳಿಸಿ. ಆಳಕ್ಕೆ ಹೋದಷ್ಟೂ ಗಾಳಿ ಮತ್ತೆ ಕುಗ್ಗುತ್ತೆ, ಮೀನು ತಾನೇ ಕ್ರೇಟಿನ ಕೆಳಗಿಂದ ಆಚೆ ಹೋಗುತ್ತೆ. ದವಡೆಗೆ ಸಿಕ್ಕಿಸಿ ಆಳದಲ್ಲಿ ತಾನೇ ಬಿಚ್ಕೊಳ್ಳೋ ಕ್ಲಿಪ್‌ಗಳೂ ಸಿಗ್ತವೆ. ಅಮೆರಿಕದವರು ಗಲ್ಫ್ ಆಫ್ ಮೆಕ್ಸಿಕೋದಲ್ಲಿ ರೀಫ್ ಮೀನು ಹಿಡಿಯೋ ಬೋಟಲ್ಲಿ ಇಂಥ ಸಾಧನವೋ ಗಾಳಿಚೀಲದ ಗಾಳಿ ತೆಗಿಯೋ ಸೂಜಿಯೋ ರೆಡಿ ಇರಲೇಬೇಕು ಅಂತ ಕಾನೂನು ಮಾಡಿ 2022ರ ಜನವರಿಯಿಂದ ಜಾರಿಗೆ ತಂದ್ರು. ಗಾಳವೂ ತುದಿ ಒಳಕ್ಕೆ ಬಾಗಿರೋ ಸರ್ಕಲ್ ಹುಕ್ ಆದ್ರೆ ಸಾಮಾನ್ಯವಾಗಿ ದವಡೆ ಮೂಲೆಯಲ್ಲೇ ಕಚ್ಚುತ್ತೆ, ಕರುಳಿಗೆ ಹೋಗೋದು ಕಮ್ಮಿ. ಇದೆಲ್ಲಕ್ಕಿಂತ ಸುಲಭದ್ದು, ಬೇಕಾದಷ್ಟು ಮೀನು ಸಿಕ್ಕಿದ್ಮೇಲೆ ಆ ಆಳದ ಕಲ್ಲು ಬಿಟ್ಟು ಬೇರೆ ಕಡೆ ಹೋಗೋದು. ತಾಂಡೇಲ್ರು ಅದನ್ನೇ ಹೇಳಿದ್ರು, ಕೇಳೋರು ಯಾರು, "ಅಣ್ಣ ಇನ್ನೊಂದು ರೌಂಡ್ ಅಣ್ಣ".

ಅವನು ಇದನ್ನ ಓದ್ತಾನೆ, ಗೊತ್ತು, ಓದ್ಲಿ. ನೋಡಪ್ಪಾ, ಮುಂದಿನ ಟ್ರಿಪ್ಪಿಗೆ ಗ್ರೂಪಲ್ಲಿ ಆಗ್ಲೇ ಗುಸುಗುಸು ಶುರುವಾಗಿದೆ, ನಾನೂ ಬರ್ತೀನಿ, ಕ್ರೇಟು ಹಗ್ಗ ಸೀಸ ನನ್ನ ಖರ್ಚು. ಫೋಟೋ ಬೇಕಂದ್ರೆ ಮೀನು ನೀರಲ್ಲಿರೋವಾಗ್ಲೇ ತೆಗಿ, ನಿನ್ನ ಮುಖ ಬರಲ್ಲ ಅಷ್ಟೇ, ಅದೇನು ದೊಡ್ಡ ನಷ್ಟ ಅಲ್ಲ. ಕಾಮೆಂಟಲ್ಲಿ ಜಗಳಕ್ಕೆ ಬರೋಕೆ ಮುಂಚೆ ನಿನ್ನೆಯ ಡೀಸೆಲ್ ದುಡ್ಡಲ್ಲಿ ನಿನ್ನ ಪಾಲು ಕಳಿಸು, ಇನ್ನೂ ಬಂದಿಲ್ಲ.