ಸ್ಪೀಕರ್ ಹಾಕುವ ಮುಂಚೆ ಒಂದು ಮಾತು ಹೇಳಿ

ನಿನ್ನೆ ಸಂಜೆ ಬಸ್ಸಿನಲ್ಲಿ ನಡೆದಿದ್ದು ಇದು. ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಬರೆದರೆ ಮನಸ್ಸು ಸ್ವಲ್ಪ ಹಗುರಾಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ನಾನು ದಿನಾ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಓಡಾಡುವವಳು ಅಂತ ನಿಮಗೆಲ್ಲ ಗೊತ್ತು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಹೆದ್ದಾರಿ ಮೇಲೇ ಕಳೆಯುತ್ತೇನೆ. ನಿನ್ನೆ ಸಂಜೆ ವಾಪಸ್ ಬರುವಾಗ ಬಸ್ಸು ತುಂಬಿತ್ತು. ನನಗೆ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಹಿಂದೆ ಹೋದವು, ಬಿಸಿಲು ಇಳಿಯುತ್ತಿತ್ತು, ಅರ್ಧ ಬಸ್ಸು ತೂಕಡಿಸುತ್ತಿತ್ತು.

ಭರಮಸಾಗರ ಇನ್ನೂ ಬಂದಿರಲಿಲ್ಲ. ನನ್ನ ಮುಂದಿನ ಸೀಟಿನವರಿಗೆ ಫೋನ್ ಬಂತು. ಐವತ್ತರ ಆಸುಪಾಸಿನ ಮನುಷ್ಯ, ಬಿಳಿ ಅಂಗಿ, ಹೆಗಲ ಮೇಲೆ ಟವೆಲ್. ಫೋನನ್ನು ಕಿವಿಗೆ ಇಟ್ಟುಕೊಳ್ಳಲಿಲ್ಲ. ರೊಟ್ಟಿ ಚೂರು ಹಿಡಿದ ಹಾಗೆ ಬಾಯಿ ಮುಂದೆ ಅಡ್ಡ ಹಿಡಿದು ಸ್ಪೀಕರ್ ಹಾಕಿದರು. ಆ ಕಡೆಯಿಂದ ಒಬ್ಬ ಹೆಣ್ಣುಮಗಳ ದನಿ. ಅವರ ತಂಗಿ.

ಆಕೆ ಏನು ಹೇಳಿದಳು ಅನ್ನೋದನ್ನ ನಾನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಹೇಳಿದ ಮಾತಲ್ಲ. ಮನೆಯೊಳಗಿನ ಕಷ್ಟ, ಅಷ್ಟು ಸಾಕು. ಒಂದು ವಾಕ್ಯ ಮಾತ್ರ ಬರೆಯುತ್ತೇನೆ, ನನ್ನ ನಿದ್ದೆ ಕೆಡಿಸಿದ್ದೇ ಆ ವಾಕ್ಯ. "ಅವ್ವಗೂ ಹೇಳಿಲ್ಲ ಅಣ್ಣಾ, ನಿನಗೊಬ್ಬನಿಗೇ ಹೇಳ್ತಿರೋದು."

ಅವನಿಗೊಬ್ಬನಿಗೇ! ಅಷ್ಟೊತ್ತಿಗೆ ಇಡೀ ಬಸ್ಸು ಕೇಳುತ್ತಿತ್ತು. ಟಿಕೆಟ್ ಕೊಡುತ್ತಿದ್ದ ಕಂಡಕ್ಟರ್ ಮಿಷನ್ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಕಾಲೇಜು ಹುಡುಗನೊಬ್ಬ ಒಂದು ಕಿವಿಯಿಂದ ಇಯರ್‌ಫೋನ್ ತೆಗೆದ. ತೂಕಡಿಸುತ್ತಿದ್ದವರು ಎಚ್ಚರಾದರು. ನನ್ನ ಪಕ್ಕದಲ್ಲಿ ಕೂತಿದ್ದ ಅಜ್ಜಿಗೆ ತಡೆಯಲಾಗಲಿಲ್ಲ, "ಅಯ್ಯೋ ಪಾಪ" ಅಂದುಬಿಟ್ಟರು. ಮನಸಾರೆ ಅಂದಿದ್ದು. ಆದರೆ ಆ ದನಿ ಫೋನಿನೊಳಗೂ ಹೋಯಿತು.

ಆ ಕಡೆ ಮಾತು ನಿಂತಿತು.

"ಅಣ್ಣಾ, ಯಾರದು?"

"ಯಾರೂ ಇಲ್ಲ, ಬಸ್ಸಲ್ಲಿದೀನಿ, ನೀ ಹೇಳು."

ಆಕೆ ಹೇಳಲಿಲ್ಲ. ಫೋನ್ ಕಟ್ ಆಯಿತು. ಅವರು ಎರಡು ಸಲ ಹಲೋ ಹಲೋ ಅಂದು, ಪಕ್ಕದವರ ಕಡೆ ತಿರುಗಿ, "ಇಲ್ಲಿ ನೆಟ್‌ವರ್ಕೇ ಸಿಗಲ್ಲ ನೋಡ್ರಿ" ಅಂದರು. ಆನಗೋಡು ಬಂದಾಗ ಇಳಿದು ಹೋದರು. ಆ ಮನುಷ್ಯ ಕೆಟ್ಟವರಲ್ಲ. ತಂಗಿ ಮಾತಿಗೆ ಅವರ ಮುಖ ಬಾಡಿದ್ದನ್ನು ನಾನೇ ನೋಡಿದೆ. ಹಾಗಾದರೆ ಆಕೆಯ ಮಾತನ್ನು ಬೀದಿಗೆ ಸುರಿದಿದ್ದು ಅವರಿಗೆ ಯಾಕೆ ಗೊತ್ತಾಗಲಿಲ್ಲ?

ನನ್ನ ತಕರಾರು ಗಲಾಟೆ ಬಗ್ಗೆ ಅಲ್ಲ, ದಯವಿಟ್ಟು ಇದನ್ನು ಅರ್ಥ ಮಾಡಿಕೊಳ್ಳಿ. ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವವರ ಬಗ್ಗೆ ಎಷ್ಟೋ ಜನ ಬರೆದಿದ್ದಾರೆ. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ಸೂಚನೆ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಜೋರಾಗಿ ಹಾಡು, ವಿಡಿಯೋ ಹಾಕಬಾರದು ಅಂತ ಆದೇಶವೂ ಬಂತು. ಎಷ್ಟು ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಬಹುದು ಅಂತಲೂ ಇದೆ. ಅದೆಲ್ಲ ಕೇಳುವವರ ಕಿವಿ ಕಾಪಾಡುವುದಕ್ಕೆ. ನನ್ನ ಕಿವಿಗೆ ಏನೂ ಆಗಿಲ್ಲ. ನಾನು ಕೇಳುತ್ತಿರುವುದು ಆ ಕಡೆ ಮಾತಾಡುತ್ತಿರುವವರ ಬಗ್ಗೆ. ಅವರು ಮನೆಯ ಮೂಲೆಯಲ್ಲೋ ಹಿತ್ತಿಲಲ್ಲೋ ನಿಂತು, ಯಾರೂ ಇಲ್ಲ ಅಂತ ನೋಡಿಕೊಂಡು, ದನಿ ತಗ್ಗಿಸಿ ಮಾತಾಡುತ್ತಿರುತ್ತಾರೆ. ಇಲ್ಲಿ ನಾವು ಆ ದನಿಯನ್ನೇ ಜೋರು ಮಾಡಿ ನಲವತ್ತು ಜನಕ್ಕೆ ಹಂಚುತ್ತೇವೆ. ಅವರಿಗೆ ಒಂದು ಮಾತೂ ಹೇಳದೆ.

ನನಗೆ ಇದು ಜಾಸ್ತಿ ಚುಚ್ಚುವುದಕ್ಕೆ ಕಾರಣ ಇದೆ. ಹಳೇ ಸ್ನೇಹಿತರಿಗೆ ನೆನಪಿರಬಹುದು, ಪಿ.ಬಿ. ರೋಡಿನ ಪಕ್ಕದ ಓಣಿಯಲ್ಲಿ ಅಪ್ಪನ ಎಸ್‌ಟಿಡಿ ಬೂತ್ ಇತ್ತು. ಹಳದಿ ಬೋರ್ಡು, ಒಳಗೆ ಒಬ್ಬರು ನಿಲ್ಲುವಷ್ಟು ಗಾಜಿನ ಡಬ್ಬಿ, ಮೇಲೊಂದು ಪುಟ್ಟ ಫ್ಯಾನು. ಬಾಗಿಲು ಹಾಕಿಕೊಂಡರೆ ಮೀಟರಿನ ಕೆಂಪು ಅಂಕಿ ಓಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಸಾಲಿನಲ್ಲಿ ಎಂಟು ಜನ ಕಾಯುತ್ತಿದ್ದರೂ ಒಳಗಿದ್ದವರ ಕಡೆ ಯಾರೂ ದಿಟ್ಟಿಸುತ್ತಿರಲಿಲ್ಲ. ರಾತ್ರಿ ರೇಟು ಕಡಿಮೆ ಅಂತ ಕಾದು ಬರುತ್ತಿದ್ದವರೇ ಜಾಸ್ತಿ. ಹೊರ ರಾಜ್ಯಗಳಿಂದ ಇಲ್ಲಿಗೆ ಓದಲು ಬಂದ ಮೆಡಿಕಲ್, ಇಂಜಿನಿಯರಿಂಗ್ ಹುಡುಗರು ಬರುತ್ತಿದ್ದರು. ಮಂಡಿಪೇಟೆ ವ್ಯಾಪಾರಸ್ಥರು ಬರುತ್ತಿದ್ದರು. ಮಿಲ್ಲುಗಳು ಒಂದೊಂದೇ ಬಾಗಿಲು ಹಾಕಿದ ಮೇಲೆ, ಬೇರೆ ಊರಿಗೆ ದುಡಿಯಲು ಹೋದ ಮಕ್ಕಳ ಹತ್ತಿರ ಮಾತಾಡಲು ವಯಸ್ಸಾದ ಕಾರ್ಮಿಕರು ಬರುತ್ತಿದ್ದರು. ನಂಬರ್ ಬರೆದ ಚೀಟಿಯನ್ನು ಬೆವರಿಗೆ ಒದ್ದೆಯಾಗದ ಹಾಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿ ಇಟ್ಟುಕೊಂಡಿರುತ್ತಿದ್ದರು.

ಬೂತಿನ ಬಾಗಿಲ ಕೊಂಡಿ ಸಡಿಲ ಇತ್ತು. ಒಂದೊಂದು ಸಲ ಬಾಗಿಲು ತಾನೇ ಸ್ವಲ್ಪ ತೆರೆದುಕೊಳ್ಳುತ್ತಿತ್ತು. ಒಳಗೆ ಯಾರಾದರೂ ಅಳುವುದು ಕೇಳಿಸಿದರೆ ಅಪ್ಪ ಏನೂ ಆಗದವರ ಹಾಗೆ ಕೈ ಚಾಚಿ ರೇಡಿಯೋ ದನಿ ಏರಿಸುತ್ತಿದ್ದರು. ಆಗ ನನಗೆ ಹತ್ತೋ ಹನ್ನೊಂದೋ ವರ್ಷ. ಒಂದು ದಿನ ಕುತೂಹಲ ತಡೆಯದೆ, "ಅಪ್ಪಾ, ಆ ಅಣ್ಣ ಯಾಕೆ ಅಳ್ತಿದ್ದ?" ಅಂತ ಕೇಳಿದೆ. ಅಪ್ಪ ನನಗೆ ಬೈದಿದ್ದೇ ಕಡಿಮೆ, ಅವತ್ತು ಬೈದರು. "ಕಿವಿಗೆ ಬಿದ್ದಿದ್ದು ಅಲ್ಲೇ ಸಾಯಬೇಕು. ಅವರು ದುಡ್ಡು ಕೊಡೋದು ಬರೀ ಫೋನಿಗಲ್ಲ, ಆ ಬಾಗಿಲಿಗೂ ಸೇರಿ" ಅಂದರು.

ಅಪ್ಪ ಓದಿದ್ದು ಏಳನೇ ಕ್ಲಾಸು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತಲ್ವಾ, ಆ ಕೇಸು ಹಾಕಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಅವತ್ತು ಟಿವಿ ಮುಂದೆ ಕೂತು ನಾನು ನೆನೆಸಿಕೊಂಡಿದ್ದು ಅಪ್ಪನ ಬೂತಿನ ಬಾಗಿಲನ್ನು. ಸರ್ಕಾರದಿಂದ ನಮ್ಮ ಗುಟ್ಟು ಕಾಪಾಡಿಕೊಳ್ಳಲು ದೊಡ್ಡ ಕೋರ್ಟಿದೆ. ಒಡಹುಟ್ಟಿದವನ ಕೈಯಲ್ಲಿರುವ ಫೋನಿನಿಂದ ಕಾಪಾಡಿಕೊಳ್ಳಲು ಆ ತಂಗಿ ಎಲ್ಲಿಗೆ ಹೋಗಬೇಕು?

"ಹಿಂದೆಯೂ ಎಲ್ಲರ ವಿಷಯ ಎಲ್ಲರಿಗೂ ಗೊತ್ತಿರ್ತಿತ್ತಲ್ಲ, ಹಳ್ಳೀಲಿ ಬಂದ ಕಾಗದ ಪೋಸ್ಟ್‌ಮ್ಯಾನ್ ಕೈಲೇ ಓದಿಸ್ತಿದ್ರಲ್ಲ" ಅಂತ ನಮ್ಮ ಮನೆಯವರು ವಾದ ಮಾಡಿದರು. ಓದಿಸುತ್ತಿದ್ದರು, ನಿಜ. ಆದರೆ ಬರೆದವರಿಗೆ ಅದು ಗೊತ್ತಿರುತ್ತಿತ್ತು. ಅವ್ವನಿಗೆ ಅಕ್ಷರ ಬರಲ್ಲ, ಬೇರೆಯವರು ಓದಿ ಹೇಳುತ್ತಾರೆ ಅಂತ ತಿಳಿದೇ, ಬರೆಯಬೇಕಾದ್ದನ್ನು ಮಾತ್ರ ಬರೆಯುತ್ತಿದ್ದರು. ಗುಟ್ಟಿನ ಮಾತಿಗೆ ಊರಿಗೇ ಬರುತ್ತಿದ್ದರು. ನಮ್ಮ ತಾತ ಅಡುಗೆಮನೆ ಕಡೆ ಬರುವಾಗ ಪಡಸಾಲೆಯಲ್ಲೇ ಒಂದು ಸಲ ಕೆಮ್ಮುತ್ತಿದ್ದರು. ಅವರಿಗೆ ಕೆಮ್ಮು ಇರಲಿಲ್ಲ. ಒಳಗೆ ಹೆಂಗಸರು ಏನೋ ಮಾತಾಡಿಕೊಳ್ಳುತ್ತಿರುತ್ತಾರೆ, ಗಂಡಸು ಬಂದ ಅಂತ ಗೊತ್ತಾಗಲಿ ಅಂತ. ಅವ್ವ ಸೆರಗು ಸರಿ ಮಾಡಿಕೊಂಡು ಮಾತು ಬದಲಿಸುವುದಕ್ಕೆ ಅಷ್ಟು ಹೊತ್ತು ಸಿಗುತ್ತಿತ್ತು. ಸ್ಪೀಕರ್ ಹಾಕುವವರು ಆ ಒಂದು ಕೆಮ್ಮನ್ನೂ ಕೆಮ್ಮುವುದಿಲ್ಲ.

ವಯಸ್ಸಾದವರಿಗೆ ಕಿವಿ ಸರಿಯಾಗಿ ಕೇಳಿಸಲ್ಲ, ಎಷ್ಟೋ ಫೋನುಗಳ ಇಯರ್‌ಪೀಸ್ ಕೆಟ್ಟಿರುತ್ತೆ, ರಿಪೇರಿಗೆ ದುಡ್ಡಿರಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅಂಥವರು ಸ್ಪೀಕರ್ ಹಾಕಲಿ. ಹಾಕಿ, "ಬಸ್ಸಲ್ಲಿದೀನಿ, ಸ್ಪೀಕರ್ ಹಾಕಿದೀನಿ, ಜನ ಇದ್ದಾರೆ" ಅಂತ ಮೊದಲೇ ಹೇಳಲಿ. ಇದಕ್ಕೆ ಎಷ್ಟು ಹೊತ್ತು ಬೇಕು? ಆ ಮೇಲೆ ಏನು ಹೇಳಬೇಕು, ಏನು ನುಂಗಿಕೊಳ್ಳಬೇಕು ಅನ್ನೋದು ಆ ಕಡೆಯವರಿಗೆ ಬಿಟ್ಟಿದ್ದು. ಕಿವಿ ಚೆನ್ನಾಗಿರುವ, ಹೊಸ ಫೋನು ಹಿಡಿದ ಮೂವತ್ತರ ಹುಡುಗರೂ ಹೀಗೇ ಮಾಡುತ್ತಾರಲ್ಲ, ಅವರ ಹತ್ತಿರ ಯಾವ ಕಾರಣ ಇದೆ? ಕಳೆದ ತಿಂಗಳು ನಮ್ಮೂರ ಆಸ್ಪತ್ರೆಯೊಂದರಲ್ಲಿ ಅತ್ತೆಯವರಿಗೆ ರಕ್ತ ಪರೀಕ್ಷೆ ಮಾಡಿಸಲು ಕಾಯುತ್ತಿದ್ದೆ. ಜಗಳೂರು, ಹರಪನಹಳ್ಳಿ ಕಡೆಯಿಂದ ಬಂದ ಜನ ಬೆಂಚಿನ ತುಂಬ ಕೂತಿದ್ದರು. ಅಲ್ಲೂ ಒಬ್ಬ ಯುವಕ ಇಂಥದ್ದೇ ಫೋನು ಮಾಡಿದ, ಯಾರದೋ ಕಾಯಿಲೆಯ ಹೆಸರು ಆ ಇಡೀ ಹಾಲಿಗೆ ಗೊತ್ತಾಯಿತು. ಕಾಯಿಲೆ ಇದ್ದವರಿಗೇ ಇನ್ನೂ ಹೇಳಿರಲಿಲ್ಲ ಅನ್ನೋದೂ ಅದೇ ಫೋನಿನಿಂದ ಗೊತ್ತಾಯಿತು.

2003ರವರೆಗೆ ಮೊಬೈಲಿಗೆ ಬಂದ ಫೋನಿಗೂ ನಾವೇ ದುಡ್ಡು ಕಟ್ಟುತ್ತಿದ್ದೆವು. ಮಾತು ದುಬಾರಿ ಇತ್ತು, ಚುಟುಕಾಗಿ ಮುಗಿಸುತ್ತಿದ್ದೆವು. 2016ರಲ್ಲಿ ಜಿಯೋ ಬಂದ ಮೇಲೆ ಮಾತಿಗೆ ಲೆಕ್ಕವೇ ಇಲ್ಲ. ಒಳ್ಳೆಯದೇ ಆಯಿತು, ದೂರ ಇರುವ ಹೆಣ್ಣುಮಕ್ಕಳು ದಿನಾ ತವರಿನ ಹತ್ತಿರ ಮಾತಾಡುತ್ತಾರೆ. ಮಾತು ಅಗ್ಗ ಆಗಲಿ, ಸಂತೋಷ. ಮಾತಾಡಿದವರು ಅಗ್ಗ ಆಗಬೇಕಾ?

ಇಷ್ಟೆಲ್ಲ ಬರೆದ ಮೇಲೆ ನನ್ನ ತಪ್ಪನ್ನೂ ಬರೆಯಬೇಕು. ಬರೆಯದೆ ಇದ್ದರೆ ಈ ಪೋಸ್ಟ್ ಹಾಕುವ ಯೋಗ್ಯತೆ ನನಗಿಲ್ಲ.

ಆರು ವರ್ಷದ ಹಿಂದೆ, ಯುಗಾದಿಯ ದಿನ. ಹೋಳಿಗೆಗೆ ಹೂರಣ ಕಟ್ಟುತ್ತಿದ್ದೆ. ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡಿದಳು. ಎರಡೂ ಕೈ ತುಂಬ ಹೂರಣ. ಕಿರುಬೆರಳಿನಿಂದ ಒತ್ತಿ ಸ್ಪೀಕರ್ ಹಾಕಿ ಅಡುಗೆ ಕಟ್ಟೆ ಮೇಲೆ ಇಟ್ಟೆ. ಹಬ್ಬದ ಶುಭಾಶಯ ಹೇಳ್ತಾಳೆ ಅಂದುಕೊಂಡೆ. ಅಕ್ಕ ಅಳುತ್ತಾ ಮಾತು ಶುರು ಮಾಡಿದಳು. ಹಾಲ್‌ನಲ್ಲಿ ನಮ್ಮ ಮನೆಯವರ ಕಡೆ ನೆಂಟರು ಐದಾರು ಜನ ಕೂತಿದ್ದರು. ಕೈ ಒರೆಸಿಕೊಂಡು ಫೋನ್ ಎತ್ತಿಕೊಳ್ಳುವಷ್ಟರಲ್ಲಿ ಮುಖ್ಯವಾದ ಮಾತೆಲ್ಲ ಆಗಿಹೋಗಿತ್ತು. ಹಾಲ್‌ನಲ್ಲಿ ಟಿವಿ ದನಿ ಕಡಿಮೆ ಮಾಡಿದ್ದು ನನಗೆ ಕೇಳಿಸಿತು. ಅಪ್ಪ ರೇಡಿಯೋ ಏರಿಸುತ್ತಿದ್ದರು. ನನ್ನ ಮನೆಯಲ್ಲಿ ಟಿವಿ ಇಳಿಸಿದರು.

ನಾನು ಅಕ್ಕನಿಗೆ ಹೇಳಲಿಲ್ಲ. ಹೇಳುವ ಧೈರ್ಯ ಬರಲಿಲ್ಲ. ಎರಡು ತಿಂಗಳಾದ ಮೇಲೆ ದುರ್ಗದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಆ ನೆಂಟರಲ್ಲಿ ಒಬ್ಬರು ಅಕ್ಕನ ಪಕ್ಕ ಕೂತು, "ಈಗ ಹೆಂಗಮ್ಮ, ಎಲ್ಲಾ ಸರಿ ಹೋಯ್ತಾ?" ಅಂತ ಕೇಳಿದರು. ಅಕ್ಕ ಎಲೆ ಮೇಲಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ಒಂದೇ ಸಲ. ಬೈಯಲಿಲ್ಲ, ಜಗಳ ಆಡಲಿಲ್ಲ. ಅವತ್ತಿನಿಂದ ಫೋನ್ ಮಾಡಿದರೆ ಮೊದಲು, "ಸ್ಪೀಕರ್ ಹಾಕಿದೀಯಾ?" ಅಂತ ಕೇಳುತ್ತಾಳೆ. ಇಲ್ಲ ಅಂದರೂ ಮಳೆ, ಮಕ್ಕಳ ಪರೀಕ್ಷೆ, ಮಾವಿನಕಾಯಿ ರೇಟು, ಇಷ್ಟೇ ಮಾತು. ಕಷ್ಟ ಇದ್ದರೆ ನನಗೆ ಬೇರೆಯವರಿಂದ ತಿಳಿಯುತ್ತೆ. ಚಿಕ್ಕವರಿದ್ದಾಗ ಒಂದೇ ಕೌದಿಯೊಳಗೆ ಮಲಗಿ ಬೆಳಗಿನ ಜಾವದವರೆಗೂ ಪಿಸುಗುಡುತ್ತಿದ್ದವರು ನಾವು.

ನಿನ್ನೆ ಆ ಹೆಣ್ಣುಮಗಳು "ಯಾರದು?" ಅಂದಾಗ ನನಗೆ ಕೇಳಿಸಿದ್ದು ಅಕ್ಕನ ದನಿ.

ಮನೆಗೆ ಬಂದವಳು ಕಾಫಿ ಕೂಡ ಕುಡಿಯದೆ ಫೋನ್ ತಗೊಂಡು ಮಹಡಿ ಹತ್ತಿದೆ. ಬಾಗಿಲು ಹಾಕಿಕೊಂಡೆ. ನೀರಿನ ಟ್ಯಾಂಕಿನ ಪಕ್ಕ ನಿಂತು ಫೋನನ್ನು ಕಿವಿಗೆ ಒತ್ತಿ ಹಿಡಿದು ಅಕ್ಕನಿಗೆ ಮಾಡಿದೆ.

"ಸ್ಪೀಕರ್ ಹಾಕಿದೀಯಾ?"

"ಇಲ್ಲ ಅಕ್ಕ. ಮಹಡಿ ಮೇಲಿದೀನಿ. ನಾನೊಬ್ಬಳೇ. ಅವತ್ತು ಯುಗಾದಿ ದಿನ ಸ್ಪೀಕರ್ ಹಾಕಿದ್ದೆ, ನಿನಗೆ ಹೇಳಲಿಲ್ಲ. ತಪ್ಪಾಯ್ತು."

ತುಂಬಾ ಹೊತ್ತು ಆ ಕಡೆ ಸದ್ದಿರಲಿಲ್ಲ. ಅವಳ ಮನೆಯ ಫ್ಯಾನು ತಿರುಗುವುದು ಮಾತ್ರ ಕೇಳಿಸುತ್ತಿತ್ತು. ಆಮೇಲೆ, "ಇರು, ನಾನೂ ಒಳಗೆ ಹೋಗಿ ಬಾಗಿಲು ಹಾಕ್ಕೋತೀನಿ" ಅಂದಳು.