ಬೆಂಗಳೂರಿಗೂ ಮದ್ದೂರಿಗೂ ಒಂದೇ ಕನಿಷ್ಠ ವೇತನ ಬೇಕೆ?

ಊರುಗಳನ್ನು ವಲಯಗಳಾಗಿ ಹಂಚಿ, ದೊಡ್ಡ ನಗರಕ್ಕೆ ಹೆಚ್ಚು, ಸಣ್ಣ ಊರಿಗೆ ಕಡಿಮೆ ಕನಿಷ್ಠ ವೇತನ ಇಡುವ ಪದ್ಧತಿ ಬೇಕೆ, ಬೇಡವೆ? ಗಾರ್ಮೆಂಟ್ಸ್ ಕೆಲಸವನ್ನು ಮುಂದಿಟ್ಟು ಎರಡು ವಾದ.

ಪರ: ವಲಯ ಭೇದ ಹೋಗಲಿ

ಕನಿಷ್ಠ ವೇತನ ಎಷ್ಟಿರಬೇಕೆಂಬ ಲೆಕ್ಕವನ್ನು ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಕೂಡಿದ 1957ರ ಭಾರತೀಯ ಕಾರ್ಮಿಕ ಸಮ್ಮೇಳನವೇ ಹಾಕಿಕೊಟ್ಟಿದೆ: ಕುಟುಂಬಕ್ಕೆ ಮೂರು ಘಟಕ (ಗಂಡ, ಹೆಂಡತಿ, ಇಬ್ಬರು ಮಕ್ಕಳು ಸೇರಿ ಮೂವರು ದೊಡ್ಡವರ ಲೆಕ್ಕ), ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಊಟ; ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ; ಮನೆ ಬಾಡಿಗೆ; ಇಂಧನ ಮತ್ತಿತರ ಖರ್ಚಿಗೆ ಒಟ್ಟು ವೇತನದ ಶೇ 20. ಮಕ್ಕಳ ಓದು, ಔಷಧಿ ಮೊದಲಾದವಕ್ಕೆಂದು 1991ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಶೇ 25 ಸೇರಿಸಿತು. ಇದರಲ್ಲಿ ಊರಿಂದೂರಿಗೆ ದೊಡ್ಡದಾಗಿ ಬದಲಾಗುವುದು ಬಾಡಿಗೆಯೊಂದೇ. ತೊಗರಿಬೇಳೆ ಮದ್ದೂರಿನಲ್ಲಿ ಅರ್ಧ ಬೆಲೆಗೇನೂ ಸಿಗುವುದಿಲ್ಲ.

ಕೂಲಿ ಏರಿದರೆ ಕೆಲಸ ಹೋಗುತ್ತದೆ ಎಂಬ ವಾದ ನಿಲ್ಲುವುದು ಕೆಲಸಗಾರರಿಗಾಗಿ ಮಾಲೀಕರು ಪೈಪೋಟಿ ನಡೆಸುವ ಕಡೆ. ಸಣ್ಣ ಊರಿನಲ್ಲಿ ಗಾರ್ಮೆಂಟ್ಸ್ ಇರುವುದೇ ಒಂದೋ ಎರಡೋ. ಮಗುವನ್ನು ಅಂಗನವಾಡಿಯಿಂದ ಕರೆತರಬೇಕಾದ ತಾಯಿ ಅದಕ್ಕಿಂತ ದೂರ ಹೋಗಲಾರಳು. ಹಾಗಾಗಿ ಮಾಲೀಕ ಹೇಳಿದ್ದೇ ಸಂಬಳ. ಅಷ್ಟಕ್ಕೆ ಒಪ್ಪದವರು ಮನೆಯಲ್ಲೇ ಉಳಿಯುತ್ತಾರೆ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ಕೂಲಿಯನ್ನು 4.25 ಡಾಲರ್‌ನಿಂದ 5.05ಕ್ಕೆ ಏರಿಸಿತು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್, ಅಲನ್ ಕ್ರೂಗರ್ ಅದನ್ನು ಕೂಲಿ ಏರಿಸದ ಪಕ್ಕದ ಪೆನ್ಸಿಲ್ವೇನಿಯಾಕ್ಕೆ ಹೋಲಿಸಿ ನೋಡಿದರು. ಫಾಸ್ಟ್‌ಫುಡ್ ಹೋಟೆಲುಗಳಲ್ಲಿ ಕೆಲಸ ಕಡಿಮೆಯಾದದ್ದು ಕಾಣಲಿಲ್ಲ.

ಕೂಲಿ ಏರಿ ಹೊಸಬರು ಕೆಲಸ ಹುಡುಕತೊಡಗಿದರೆ ನಿರುದ್ಯೋಗ ದರವೂ ಏರಬಹುದು. ಅದಕ್ಕೆ ಗಾಬರಿ ಬೇಡ. ನೂರು ಜನರಲ್ಲಿ 47 ಮಂದಿ ದುಡಿಯುತ್ತ, 3 ಮಂದಿ ಹುಡುಕುತ್ತಿದ್ದರೆ, ಈ 50 ಮಂದಿಯಲ್ಲಿ 3 ಎಂದು ದರ ಶೇ 6. ಇನ್ನೂ ನಾಲ್ವರು ಹುಡುಕಲು ಹೊರಟು ಇಬ್ಬರಿಗೆ ಕೆಲಸ ಸಿಕ್ಕಿತೆನ್ನಿ. ದುಡಿಯುವವರು 49, ಹುಡುಕುವವರು 5, ದರ ಮಾತ್ರ ಶೇ 9.3!

ವಿರೋಧ: ವಲಯ ಇರಲಿ

ನ್ಯೂಜೆರ್ಸಿಯ ಬರ್ಗರನ್ನು ಬೇರೆ ದೇಶದಲ್ಲಿ ಮಾಡಿ ತರಲಾಗದು. ಶರ್ಟನ್ನು ಢಾಕಾದಲ್ಲಿ ಹೊಲಿಸಬಹುದು. ಆ ಅಧ್ಯಯನವನ್ನು ಗಾರ್ಮೆಂಟ್ಸಿಗೆ ತಂದು ಅಂಟಿಸುವವರು ಇದನ್ನು ಮರೆಯುತ್ತಾರೆ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳಿ. ಒಂದು ಶರ್ಟಿಗೆ 20 ನಿಮಿಷದ ಹೊಲಿಗೆ, ಪಾಳಿ 480 ನಿಮಿಷ, ಲೈನಿನ (ಸಾಲಾಗಿ ಕೂತು ಹೊಲಿಯುವ ತಂಡದ) ಎಫಿಷಿಯೆನ್ಸಿ ಶೇ 50, ಅಂದರೆ ಪಾಳಿಯ ಅರ್ಧದಷ್ಟು ಹೊಲಿಗೆ ಮಾತ್ರ ಕೈಸೇರುತ್ತದೆ. ಒಬ್ಬ ಟೈಲರಿಗೆ ದಿನಕ್ಕೆ 12 ಶರ್ಟ್. ದಿನಗೂಲಿ 500 ರೂಪಾಯಿಯಾದರೆ ಶರ್ಟಿಗೆ ಸುಮಾರು 42, 600 ಆದರೆ 50. ಹಳೆಯ ಖರ್ಚಿನಲ್ಲೇ ನಿಲ್ಲಬೇಕೆಂದರೆ ಎಫಿಷಿಯೆನ್ಸಿ ಶೇ 60ಕ್ಕೆ ಏರಬೇಕು. ಕೂಲಿಯ ಬೆನ್ನಿಗೇ ಮಾಲೀಕ ಕೊಡುವ ಪಿಎಫ್ (ಭವಿಷ್ಯನಿಧಿ, ಕೂಲಿಯ ಶೇ 12), ಇಎಸ್‌ಐ (ಆರೋಗ್ಯ ವಿಮೆ, ಶೇ 3.25), ಬೋನಸ್ (ಕನಿಷ್ಠ ಶೇ 8.33) ಏರುತ್ತವೆ, ಗ್ರಾಚ್ಯುಟಿ ಬೇರೆ.

ಪಳಗಿದ ಟೈಲರುಗಳಿರುವ ಬೆಂಗಳೂರಿನ ಬೊಮ್ಮನಹಳ್ಳಿಯ ಲೈನು ಹೇಗೋ ಶೇ 60 ಮುಟ್ಟೀತು. ಹೊಸ ಕೈಗಳನ್ನೇ ನಂಬಿದ ಮದ್ದೂರಿನ ಘಟಕಕ್ಕೆ ತಿಂಗಳುಗಟ್ಟಲೆ ಅದು ಕನಸು. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಷಿನ್ ಕೆಟ್ಟು ಮೆಕ್ಯಾನಿಕ್ ಬೆಂಗಳೂರಿನಿಂದ ಬರುವವರೆಗೆ ಮುಂದಿನ ಟೈಲರುಗಳು ಹೊಲಿಯಬೇಕಾದ ಬಟ್ಟೆಯ ಬಂಡಲ್ ಇಲ್ಲದೆ ಕೂರುತ್ತಾರೆ, ಕೂಲಿ ಓಡುತ್ತಿರುತ್ತದೆ. ನೂಲು, ಗುಂಡಿ, ಝಿಪ್ ತರುವ ಸಾಗಣೆ ಖರ್ಚೂ ಇದೆ. ಕೂಲಿ ಬೆಂಗಳೂರಿಗಿಂತ ನೂರು ರೂಪಾಯಿ ಕಡಿಮೆಯಿದ್ದರೆ ಆ ವ್ಯತ್ಯಾಸವೇ ಇವನ್ನೆಲ್ಲ ತುಂಬುತ್ತಿತ್ತು. ಒಂದೇ ದರವೆಂದರೆ ಮುಂದಿನ ಘಟಕವೂ ಬೆಂಗಳೂರಿನ ಸುತ್ತಲೇ ಏಳುತ್ತದೆ.

ಊರಿಂದೂರಿಗೆ ಬದಲಾಗುವುದು ಮನೆ ಬಾಡಿಗೆಯೊಂದೇ ಎಂದು ತೇಲಿಸುವ ಹಾಗೂ ಇಲ್ಲ. ಬೆಂಗಳೂರಿನ ಟೈಲರಿಗೆ ತಿಂಗಳ ದೊಡ್ಡ ಖರ್ಚೇ ಅದು.

ನಿರುದ್ಯೋಗ ದರದ ಲೆಕ್ಕ ಎರಡೂ ಕಡೆ ಕತ್ತರಿಸುತ್ತದೆ. ಘಟಕ ಮುಚ್ಚಿದ ಮೇಲೆ ಮದ್ದೂರಿನ ಹೆಂಗಸು ಹುಡುಕುವುದನ್ನೇ ಬಿಟ್ಟು ಮನೆ ಸೇರಿದರೆ ಸಮೀಕ್ಷೆ ಅವಳನ್ನು ನಿರುದ್ಯೋಗಿ ಎನ್ನುವುದಿಲ್ಲ. ದರ ಇಳಿದರೂ ಇಳಿಯಬಹುದು. ಒಂದೇ ವೇತನ ದರ ತರುವುದೇ ಆದರೆ ವಲಯಗಳ ನಡುವಿನ ಅಂತರವನ್ನು ವರ್ಷಕ್ಕಿಷ್ಟೆಂದು, ಏಪ್ರಿಲ್‌ನ ತುಟ್ಟಿಭತ್ಯೆಯ ಜೊತೆಗೇ ಕರಗಿಸಿ. ಕೆಲಸ ಉಳಿಯಿತೇ ಎಂದು ತಿಳಿಯಲು ನಡುವೆ ಪ್ರತಿ ತಾಲ್ಲೂಕಿನಲ್ಲಿ ಪಿಎಫ್ ವಂತಿಗೆ ಕಟ್ಟುವವರು ಎಷ್ಟು ಮಂದಿ ಉಳಿದರೆಂದು ಎಣಿಸಿ.