ಟಿಕೆಟ್ ತಗೊಂಡು ಇನ್ನೊಬ್ರ ಹಿತ್ತಲು ನೋಡೋದು

ಇಂಗ್ಲೆಂಡಿಗೆ ಬಂದ ಹೊಸದ್ರಲ್ಲಿ ಒಂದು ಭಾನುವಾರ ವಾಕಿಂಗ್ ಹೋಗ್ತಿದ್ದಾಗ ಒಂದು ಮನೆ ಗೇಟಿಗೆ ಹಳದಿ ಬೋರ್ಡ್ ಕಟ್ಟಿದ್ರು, ಒಳಗೆ ತುಂಬಾ ಜನ, ಕೈಯಲ್ಲಿ ಟೀ ಕಪ್ಪು ಬೇರೆ, ಯಾರದೋ ಗೃಹಪ್ರವೇಶ ಇರ್ಬೇಕು ಅಂದ್ಕೊಂಡು ನಾನು ಮುಂದೆ ಹೋದೆ. ಮಾರನೇ ದಿನ ಆಫೀಸಲ್ಲಿ ಕೇಳಿದಾಗ ಗೊತ್ತಾಯ್ತು, ಅದು ಟಿಕೆಟ್ ತಗೊಂಡು ಇನ್ನೊಬ್ರ ಹಿತ್ತಲು ನೋಡೋ ಕಾರ್ಯಕ್ರಮ ಅಂತ. ನಗು ತಡೆಯೋಕಾಗ್ಲಿಲ್ಲ. ನಾನು ತೀರ್ಥಹಳ್ಳಿ ಕಡೆಯವನು, ನಮ್ಮಲ್ಲಿ ಇನ್ನೊಬ್ರ ಹಿತ್ತಲು ನೋಡೋದು ಅಂದ್ರೆ ಸಂಜೆ ಹೊತ್ತಿನ ಮಾಮೂಲಿ ಕೆಲಸ, ದುಡ್ಡು ಕೊಡೋದು ಹಾಗಿರ್ಲಿ, ಅವರ ಮನೇಲೇ ಕಾಫಿ ಕುಡ್ದು, ಬರುವಾಗ ಒಂದು ಚೀಲ ಗಿಡ ಹೊತ್ಕೊಂಡು ಬರ್ತಿದ್ವಿ.

ಈಗ ವರ್ಷಕ್ಕೆ ಎಂಟ್ಹತ್ತು ಸಲ ನಾನೇ 5 ಪೌಂಡೋ 6 ಪೌಂಡೋ ಕೊಟ್ಟು ಹೋಗ್ತೀನಿ. ಹಾಗಾಗಿ ಇದರ ಬಗ್ಗೆ ಎರಡು ಮಾತು ಹೇಳೋ ಯೋಗ್ಯತೆ ಬಂದಿದೆ ಅಂದ್ಕೊಂಡು ಬರೀತಿದೀನಿ, ಬೈಯೋರು ಬೈಬಹುದು.

ಇದರ ಹೆಸರು ನ್ಯಾಷನಲ್ ಗಾರ್ಡನ್ ಸ್ಕೀಮ್. 1927ರಲ್ಲಿ ಶುರುವಾಗಿದ್ದು, ಅದೂ ಹೂವಿನ ಮೇಲಿನ ಪ್ರೀತಿಗಲ್ಲ, ದುಡ್ಡಿಗೆ. ಆಗಿನ್ನೂ ಇಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆ ಇರ್ಲಿಲ್ಲ, ಎನ್‌ಎಚ್‌ಎಸ್ ಬಂದಿದ್ದೇ 1948ರಲ್ಲಿ, ಮನೆಮನೆಗೆ ಹೋಗಿ ರೋಗಿಗಳನ್ನ ನೋಡ್ಕೊಳ್ತಿದ್ದ ಡಿಸ್ಟ್ರಿಕ್ಟ್ ನರ್ಸ್‌ಗಳಿಗೆ ಹಣ ಬೇಕಿತ್ತು, ಆಗ ಎಲ್ಸಿ ವ್ಯಾಗ್ ಅನ್ನೋ ಹೆಂಗಸು ಒಂದು ಉಪಾಯ ಕೊಟ್ರು, ಒಳ್ಳೆ ತೋಟ ಇರೋರು ಒಂದಿನ ಗೇಟ್ ತೆಗೀಲಿ, ತಲೆಗೆ 1 ಶಿಲ್ಲಿಂಗ್ ತಗೊಳ್ಳಲಿ ಅಂತ. ಮೊದಲ ವರ್ಷವೇ 609 ತೋಟ ತೆಗೆದ್ರು, 8000 ಪೌಂಡಿಗಿಂತ ಜಾಸ್ತಿ ಸೇರ್ತು. ಈಗ 3000ಕ್ಕೂ ಮೀರಿ ತೋಟ ಇವೆ, ಅದರಲ್ಲಿ ದೊಡ್ಡ ಜಮೀನ್ದಾರರ ಬಂಗಲೆಯೂ ಇದೆ, ಸಾಲುಮನೆ ಹಿಂದಿನ ಅಂಗೈ ಅಗಲದ ಜಾಗವೂ ಇದೆ. ಸೇರಿಸ್ಕೊಳ್ಳೋಕೆ ಒಂದು ಲೆಕ್ಕ ಇಟ್ಟಿದಾರೆ, ಬಂದೋರಿಗೆ ಸುಮಾರು 45 ನಿಮಿಷ ನೋಡೋವಷ್ಟು ಇರ್ಬೇಕು ಅಂತ. ಜಾಗ ಚಿಕ್ಕದಾದ್ರೆ ಒಂದೇ ಬೀದಿಯ ಐದಾರು ಮನೆಯವರು ಸೇರಿ ಒಂದೇ ದಿನ ತೆಗೀತಾರೆ. ನನಗೆ ಇಷ್ಟ ಆಗೋದು ಈ ಬೀದಿ ತೋಟಗಳೇ, ಬಂಗಲೆ ತೋಟದಲ್ಲಿ ಕಾಲು ನೋಯುತ್ತೆ ಅಷ್ಟೇ.

ಯಾಕೆ ಇಷ್ಟ ಅಂದ್ರೆ, ಅಲ್ಲಿ ಗಿಡದ ಪಕ್ಕ ಗಿಡ ಬೆಳೆಸಿದ ಮನುಷ್ಯ ನಿಂತಿರ್ತಾನೆ. ಒಬ್ರು ಅಜ್ಜನ ತೋಟಕ್ಕೆ ಹೋಗಿದ್ದೆ, ಬಾಗಿಲ ಹತ್ರ ಒಂದು ಮಣ್ಣಿನ ಕುಂಡದ ತುಂಬ ಬರೀ ಲೇಬಲ್‌ಗಳು, ಗಿಡ ಒಂದೂ ಇಲ್ಲ. ಕೇಳಿದ್ರೆ ಅವೆಲ್ಲ ಸತ್ತೋದ ಗಿಡಗಳದ್ದಂತೆ, ಪ್ರತಿಯೊಂದರ ಹಿಂದೆ ಪೆನ್ಸಿಲಲ್ಲಿ ಬರೆದಿದ್ರು ಯಾವಾಗ ಹೋಯ್ತು ಯಾಕೆ ಹೋಯ್ತು ಅಂತ, ಹಿಮ, ಗೊಣ್ಣೆಹುಳ, ಎರಡು ಕಡೆ ನನ್ನದೇ ತಪ್ಪು ಅಂತನೂ ಇತ್ತು. ನಾನು ಆ ಕುಂಡದ ಮುಂದೆ ಅರ್ಧ ಗಂಟೆ ನಿಂತೆ, ಹೂವಿನ ಕಡೆ ಹೋಗ್ಲೇ ಇಲ್ಲ. ನನ್ನ ಹಿತ್ತಲಲ್ಲಿ ಎರಡು ಚಳಿಗಾಲ ಸತ್ತ ಕ್ಯಾನಾ ಗಿಡಕ್ಕೆ ಏನಾಗಿತ್ತು ಅಂತ ಗೊತ್ತಾಗಿದ್ದು ಅವತ್ತು, ಚಳಿಗೆ ಸತ್ತಿದ್ದಲ್ಲ, ಚಳಿಗಾಲದಲ್ಲಿ ಬುಡದಲ್ಲಿ ನೀರು ನಿಂತು ಗೆಡ್ಡೆ ಕೊಳೆತಿದ್ದು.

ಫ್ಲವರ್ ಶೋಗಳಲ್ಲಿ ಇದು ಸಿಗಲ್ಲ. ಇದನ್ನ ಹೇಳಿದ್ರೆ ಬೆಂಗಳೂರಿನ ಫ್ರೆಂಡ್ಸ್‌ಗೆ ಸಿಟ್ಟು ಬರುತ್ತೆ, ಲಾಲ್‌ಬಾಗನ್ನ ಬೈತಿದಾನೆ ಅಂತ. ಬೈತಿಲ್ಲ ಮಾರಾಯ್ರೆ. ಇಲ್ಲಿ ಲಂಡನ್ನಿನ ಚೆಲ್ಸಿ ಫ್ಲವರ್ ಶೋನೂ ಅಷ್ಟೇ, 1913ರಿಂದ ಅದೇ ಜಾಗದಲ್ಲಿ ನಡೀತಿದೆ, ಮೂರು ವಾರ ಕಷ್ಟಪಟ್ಟು ತೋಟ ಕಟ್ತಾರೆ, ಐದಾರು ದಿನ ತೋರಿಸ್ತಾರೆ, ಕೀಳ್ತಾರೆ. ಆ ಒಂದು ವಾರಕ್ಕೆ ಸರಿಯಾಗಿ ಅರಳ್ಬೇಕು ಅಂತ ಕೆಲವು ಗಿಡಗಳನ್ನ ಕೋಲ್ಡ್ ಸ್ಟೋರೇಜಲ್ಲಿ ಇಟ್ಟು ತಡೀತಾರೆ, ಇನ್ನು ಕೆಲವಕ್ಕೆ ಬಿಸಿ ಕೊಟ್ಟು ಅವಸರ ಮಾಡಿಸ್ತಾರೆ, ಮನೇಲಿ ಮೇ ತಿಂಗಳಲ್ಲಿ ಯಾವತ್ತೂ ಜೊತೆಗೆ ಅರಳದ ಹೂಗಳು ಅಲ್ಲಿ ಪಕ್ಕಪಕ್ಕ ನಿಂತಿರ್ತವೆ. ಅದು ಮದುವೆ ಮಂಟಪ ಇದ್ದ ಹಾಗೆ, ನೋಡೋಕೆ ಚೆಂದ, ಅಲ್ಲಿ ಸಂಸಾರ ಮಾಡೋಕಾಗಲ್ಲ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಲಕ್ಷಾಂತರ ಹೂವಿನಲ್ಲಿ ಕಟ್ಟೋ ಮಾದರಿಗಳೂ ಅದೇ ಜಾತಿ. ಚೆಲ್ಸಿ ಕೊನೇ ದಿನ ಸಾಯಂಕಾಲ ಒಂದು ಗಂಟೆ ಬಾರಿಸ್ತಾರೆ, ಆಮೇಲೆ ಗಿಡಗಳನ್ನ ಮಾರ್ತಾರೆ, ಕೋಟು ಹ್ಯಾಟು ಹಾಕಿರೋರೆಲ್ಲ ಆಳುದ್ದದ ಹೂಗಿಡ ತಬ್ಬಿಕೊಂಡು ಟ್ಯೂಬ್ ರೈಲು ಹತ್ತೋದನ್ನ ನೋಡೋದೇ ಒಂದು ಮಜಾ, ಆ ಒಂದು ಗಂಟೆ ಮಾತ್ರ ಜನ ನಮ್ಮೂರಿನವರ ಥರ ಕಾಣ್ತಾರೆ.

ಹಾಗೆ ನೋಡಿದ್ರೆ ಲಾಲ್‌ಬಾಗಿಗೂ ಇಲ್ಲಿಗೂ ಹಳೇ ನೆಂಟಸ್ತನ. ಹೈದರಾಲಿ 1760ರಲ್ಲಿ ಹಾಕಿದ ತೋಟಕ್ಕೆ ಗಾಜಿನ ಮನೆ ಬಂದಿದ್ದು 1889ರಲ್ಲಿ ಅಡಿಗಲ್ಲು ಹಾಕಿದ್ಮೇಲೆ, ಆಗ ಅಲ್ಲಿ ಸೂಪರಿಂಟೆಂಡೆಂಟ್ ಆಗಿದ್ದ ಕ್ಯಾಮರಾನ್ ಲಂಡನ್ನಿನ ಕ್ಯೂ ತೋಟದಿಂದ ಬಂದೋರು, 1908ರಲ್ಲಿ ಬಂದ ಕ್ರುಂಬಿಗಲ್ ಜರ್ಮನ್ ಆದ್ರೂ ಕ್ಯೂನಲ್ಲೇ ಕೆಲಸ ಮಾಡಿದ್ರು. ಅಂದ್ರೆ ಹೂವನ್ನ ಸಾಲಾಗಿ ಇಟ್ಟು ದೂರದಿಂದ ನೋಡೋ ಪದ್ಧತೀನ ನಾವು ಇವರಿಂದ ಚೆನ್ನಾಗೇ ಕಲಿತ್ವಿ. ಹಿತ್ತಲ ಗೇಟು ತೆಗೆಯೋದು ಮಾತ್ರ ಆ ಹಡಗಲ್ಲಿ ಬರ್ಲಿಲ್ಲ ಅನ್ಸುತ್ತೆ.

ಇನ್ನು ಗಾರ್ಡನ್ ಟೂರ್ ಅಂತ ಬಸ್ಸಲ್ಲಿ ಕರ್ಕೊಂಡು ಹೋಗೋರಿದಾರೆ. ಒಂದ್ಸಲ ದುಡ್ಡು ಕಟ್ಟಿ ಹೋಗಿದ್ದೆ, ಎರಡು ದಿನಕ್ಕೆ ಐದು ತೋಟ. ಒಂದೊಂದರಲ್ಲೂ ತೋಟಕ್ಕೆ 40 ನಿಮಿಷ, ಅಲ್ಲಿನ ಅಂಗಡಿಗೆ 50 ನಿಮಿಷ. ತಿರುಪತಿ ಪ್ಯಾಕೇಜ್ ಟೂರಲ್ಲಿ ದರ್ಶನ ಆದ ಹಾಗೆ ಆಯ್ತು, ಹೋದೆ ಅನ್ನೋದು ನಿಜ, ಕಂಡಿದ್ದೇನು ಅಂತ ಕೇಳ್ಬೇಡಿ. ಆ ಐದರಲ್ಲಿ ಸಿಸ್ಸಿಂಗ್‌ಹರ್ಸ್ಟ್ ಇತ್ತು, ಬಿಳಿ ಹೂವಿನ ತೋಟಕ್ಕೆ ಜಗತ್ಪ್ರಸಿದ್ಧ, ಸಿಸ್ಸಿಂಗ್‌ಹರ್ಸ್ಟ್ ಮಾಡಿದ ಲೇಖಕಿ ವೀಟಾ ಸ್ಯಾಕ್‌ವಿಲ್ ವೆಸ್ಟ್ 1938ರಲ್ಲಿ ಅದನ್ನ ಜನರಿಗೆ ತೆಗೆದಾಗ ಅಲ್ಲೂ 1 ಶಿಲ್ಲಿಂಗೇ, ಬರೋ ಜನಕ್ಕೆ ಪ್ರೀತಿಯಿಂದ ಶಿಲ್ಲಿಂಗಿನವರು ಅಂತಾನೇ ಹೆಸರಿಟ್ಟಿದ್ರಂತೆ. ಆಕೆ ಬದುಕಿದ್ದಾಗ ತೋಟದಲ್ಲೇ ಸಿಗ್ತಿದ್ರು, ಮಾತಾಡಿಸಬಹುದಿತ್ತು. ನಾವು ಹೋದಾಗ ಸಿಕ್ಕಿದ್ದು ಗೈಡು, ಪಾಪ ಬಾಯಿಪಾಠ ಚೆನ್ನಾಗಿ ಮಾಡಿದ್ರು.

ಕಲಿಯೋಕೆ ಅಂತ್ಲೇ ಹೋಗೋದಾದ್ರೆ ಬೇರೆ ಜಾಗ ಇವೆ. ಎಸೆಕ್ಸ್‌ನಲ್ಲಿ ಬೆತ್ ಚಾಟೋ ಅನ್ನೋರು 1990ರ ದಶಕದ ಶುರುವಲ್ಲಿ ಹಳೇ ಕಾರ್ ಪಾರ್ಕಿಂಗ್ ಜಾಗದಲ್ಲಿ ಜಲ್ಲಿ ಮೇಲೆ ಒಂದು ತೋಟ ಮಾಡಿದ್ರು, ಗಿಡ ಬೇರು ಬಿಟ್ಟಮೇಲೆ ನೀರು ಹಾಕಲ್ಲ ಅಂತ ಹಠ. ಆ ಕಡೆ ವರ್ಷಕ್ಕೆ ಮಳೆ 500 ರಿಂದ 600 ಮಿಲಿಮೀಟರ್, ಅಂದ್ರೆ ನಮ್ಮ ಆಗುಂಬೆಗೆ ಜುಲೈಯ ಒಂದು ವಾರದ ಬಾಬ್ತು. ನೀರಿಗೆ ಬರ ಇಲ್ಲದ ಊರಲ್ಲಿ ಹುಟ್ಟಿದ ನನಗೆ ಆ ತೋಟ ನೋಡಿ ತಲೆ ತಿರುಗಿತು. ಆಮೇಲೆ ಗ್ರೇಟ್ ಡಿಕ್ಸ್ಟರ್ ಅನ್ನೋ ತೋಟ, ಅಲ್ಲಿ ಸ್ಟಡಿ ಡೇ ಅಂತ ಮಾಡ್ತಾರೆ, ದಿನವಿಡೀ ಮಣ್ಣಲ್ಲೇ ನಿಂತು ಮಾತು. ಅಲ್ಲಿದ್ದ ಕ್ರಿಸ್ಟೋಫರ್ ಲಾಯ್ಡ್ 1990ರ ದಶಕದಲ್ಲಿ ಹಳೇ ಗುಲಾಬಿ ತೋಟ ಕಿತ್ತು ಬಾಳೆ, ಕ್ಯಾನಾ, ಡೇರೆ ಹೂವು ಅಂದ್ರೆ ಡೇಲಿಯಾ ಹಾಕಿದ್ರು, ಇಂಗ್ಲಿಷ್‌ನವರಿಗೆ ಗುಲಾಬಿ ಕೀಳೋದು ಅಂದ್ರೆ ನಮ್ಮಲ್ಲಿ ತುಳಸಿ ಕೀಳೋದಕ್ಕೆ ಸ್ವಲ್ಪ ಕಮ್ಮಿ, ದೊಡ್ಡ ಗಲಾಟೆ ಆಗಿತ್ತು. ವಿಸ್ಲಿಯಲ್ಲಿ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿಯವರು ಒಂದೇ ಹೂವಿನ ಎಷ್ಟೋ ತಳಿಗಳನ್ನ ಸಾಲಾಗಿ ಬೆಳೆಸಿ ಯಾವುದು ಗಟ್ಟಿ ಯಾವುದು ನಾಟಕ ಅಂತ ಪರೀಕ್ಷೆ ಮಾಡ್ತಾರೆ, ಯಾರು ಬೇಕಾದ್ರೂ ನೋಡಬಹುದು.

ಇದನ್ನೆಲ್ಲ ಕೇಳಿ ನಮ್ಮಲ್ಲಿ ಇಂಥದ್ದಿಲ್ಲ ಅಂತ ನಿಟ್ಟುಸಿರು ಬಿಡೋ ಅನಿವಾಸಿಗಳ ಗುಂಪಿಗೆ ನಾನು ಸೇರಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಸ್ಥೆ ಮೇಳದಲ್ಲಿ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕೃಷಿ ಮೇಳದಲ್ಲಿ ಬೆಳೆಯನ್ನ ನೆಲದಲ್ಲೇ ನಿಲ್ಲಿಸಿ ತೋರಿಸ್ತಾರೆ. ಅದಕ್ಕಿಂತ ದೊಡ್ಡದು ನಮ್ಮ ಅಡಿಕೆ ಬೆಳೆಗಾರರ ಅಧ್ಯಯನ ಪ್ರವಾಸ. ನಮ್ಮ ದೊಡ್ಡಪ್ಪ ಹೋಗ್ತಿದ್ರು, ಬಸ್ ಮಾಡ್ಕೊಂಡು ಇನ್ನೊಂದು ತಾಲ್ಲೂಕಿನ ಯಾರದೋ ತೋಟಕ್ಕೆ ನಲವತ್ತು ಜನ, ಕಂಬಳಿಕೊಪ್ಪೆ ಕಾಲದಿಂದ ಇವತ್ತಿನವರೆಗೂ ಕೇಳೋ ಪ್ರಶ್ನೆ ಒಂದೇ ಥರ, ಬೋರ್ಡೋ ದ್ರಾವಣ ಎಷ್ಟು ಸಲ ಹೊಡೆದ್ರಿ, ಮೈಲುತುತ್ತಕ್ಕೆ ಸುಣ್ಣ ಎಷ್ಟು ಹಾಕಿದ್ರಿ, ಹಾಗಿದ್ದೂ ಕೊಳೆರೋಗ ಯಾಕೆ ಬಂತು. ಆ ಕೊನೇ ಪ್ರಶ್ನೆ ಇದೆಯಲ್ಲ, ತೋಟದ ಯಜಮಾನನ ಮುಖಕ್ಕೆ ನೇರವಾಗಿ, ಅದನ್ನ ಇಂಗ್ಲಿಷ್‌ನವರು ಸತ್ತರೂ ಕೇಳಲ್ಲ, ಹೌ ಇಂಟರೆಸ್ಟಿಂಗ್ ಅಂತ ಹೇಳಿ ಕೇಕ್ ಕಡೆ ಹೋಗ್ತಾರೆ.

ಆದ್ರೆ ಆ ಬಸ್ಸಲ್ಲಿ ನಮ್ಮ ದೊಡ್ಡಮ್ಮ ಯಾವತ್ತೂ ಹೋಗಿಲ್ಲ. ಅವರ ಅಂಗಳದಲ್ಲಿ ಮೂವತ್ತು ಬಗೆ ಡೇರೆ ಇತ್ತು. ತೋಟ ಅಂದ್ರೆ ಅಡಿಕೆ, ಅದಕ್ಕೆ ಇಲಾಖೆ, ಪ್ರವಾಸ, ಪುಸ್ತಕ. ಹೂವಿನ ಗಿಡ ಅಂದ್ರೆ ಹೆಂಗಸರ ಹೊತ್ತು ಕಳೆಯೋ ಕೆಲಸ. ಅಲ್ಲಿ ಎಷ್ಟು ವಿದ್ಯೆ ಇತ್ತು ಅಂತ ನನಗೆ ಅರ್ಥ ಆಗಿದ್ದು ಇಲ್ಲಿ ಬಂದು ಡೇರೆ ಬೆಳೆಸಿದ್ಮೇಲೆ. ಇಲ್ಲಿ ನವೆಂಬರಲ್ಲಿ ಫ್ರಾಸ್ಟ್, ಅಂದ್ರೆ ಹೆಪ್ಪುಗಟ್ಟೋ ಮಂಜು ಬಿದ್ದು ಎಲೆ ಕರ್ರಗಾದ್ಮೇಲೆ ಗೆಡ್ಡೆ ಕಿತ್ತು ಒಣಗಿಸಿ ಇಡ್ತಾರೆ, ಚಳಿಗೆ ಕೊಳೀಬಾರ್ದು ಅಂತ. ದೊಡ್ಡಮ್ಮ ಹೂ ಮುಗಿದ್ಮೇಲೆ ಗೆಡ್ಡೆ ಕಿತ್ತು ಒಣ ಮರಳಲ್ಲಿ ಇಡ್ತಿದ್ರು, ಬೇಸಿಗೆಗೆ ಸುಕ್ಕಾಗಬಾರ್ದು ಅಂತ, ಮೊದಲ ಮಳೆಗೆ ನೆಡ್ತಿದ್ರು. ಎರಡು ಕಡೆನೂ ಹೂ ಬಿಡೋದು ಹೆಚ್ಚುಕಮ್ಮಿ ಗೌರಿ ಹಬ್ಬದ ಹೊತ್ತಿಗೇ. ಮೆಕ್ಸಿಕೋದಿಂದ ಬಂದ ಗಿಡ, ಇಲ್ಲಿ ಚಳಿಗೆ ಮಲಗುತ್ತೆ ಅಲ್ಲಿ ಬಿಸಿಲಿಗೆ ಮಲಗುತ್ತೆ, ಇದನ್ನ ದೊಡ್ಡಮ್ಮಂಗೆ ಯಾವ ಸೊಸೈಟಿಯೂ ಹೇಳಿಕೊಟ್ಟಿದ್ದಲ್ಲ.

ಅಮ್ಮ ಹೋದ ಜೂನಲ್ಲಿ ಬಂದಿದ್ದಾಗ ಒಂದು ಬೀದಿ ತೋಟಕ್ಕೆ ಕರ್ಕೊಂಡು ಹೋಗಿದ್ದೆ. ಎಲ್ಲ ಗಿಡಕ್ಕೂ ಲ್ಯಾಟಿನ್ ಲೇಬಲ್. ಅಮ್ಮ ಕೇಳಿದ್ಲು, ಇದನ್ನ ಯಾರು ಕೊಟ್ಟಿದ್ದು ಅಂತ ಎಲ್ಲೂ ಬರ್ದೇ ಇಲ್ಲವಲ್ಲೋ? ನಮ್ಮನೇಲಿ ಗಿಡದ ಹೆಸರೇ ಹಾಗೆ, ಕೊಪ್ಪದ ಅತ್ತೆ ದಾಸವಾಳ, ಮೇಷ್ಟ್ರ ಮನೆ ಮಲ್ಲಿಗೆ, ಬಸ್ ಸ್ಟ್ಯಾಂಡ್ ಕ್ರೋಟನ್. ಆಮೇಲೆ ನೋಡ್ತೀನಿ, ಒಂದು ಜೆರೇನಿಯಂ ಕುಡಿ ಆಗಲೇ ಅಮ್ಮನ ವ್ಯಾನಿಟಿ ಬ್ಯಾಗ್ ಸೇರಿದೆ. ನನಗೆ ಮುಖ ಎತ್ತೋಕಾಗ್ಲಿಲ್ಲ. ಅಮ್ಮಾ, ಅಲ್ಲೇ ಗಿಡ ಮಾರ್ತಿದಾರೆ, 3 ಪೌಂಡ್ ಕೊಟ್ರೆ ಸಿಗುತ್ತೆ ಅಂದೆ. ದುಡ್ಡು ಕೊಟ್ಟು ತಂದಿದ್ದು ಬರಲ್ಲ ಮಾರಾಯ, ಕದ್ದಿದ್ದೇ ಚೆನ್ನಾಗಿ ಹತ್ತೋದು ಅಂದ್ಲು. ನಾನು ಡಬ್ಬಿಗೆ 3 ಪೌಂಡ್ ಹಾಕಿ ಬಂದೆ. ಕುಡಿ ಈಗ ನನ್ನ ಕಿಟಕೀಲಿ ಇದೆ, ಊರಿಗೆ ಒಯ್ಯೋಕೆ ಗಿಡಕ್ಕೆ ರೋಗ ಇಲ್ಲ ಅನ್ನೋ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಬೇಕು ಅಂದಾಗ ಬೈದು ಬಿಟ್ಟುಹೋದ್ಲು. ಚೆನ್ನಾಗೇ ಹತ್ತಿದೆ, ಅದೊಂದು ಬೇಜಾರು.

ಅವತ್ತು ರಾತ್ರಿ ಜಗಳ ಆಯ್ತು, ಯಾವ ಪದ್ಧತಿ ದೊಡ್ಡದು ಅಂತ. ಅಮ್ಮಂದು ಒಂದೇ ಮಾತು, ನಾವು ಕೊಡ್ತೀವಿ ಇವರು ಮಾರ್ತಾರೆ. ನಿಜ, ಆದ್ರೆ ಯಾರಿಗೆ ಕೊಡ್ತೀವಿ? ಕೊಪ್ಪದ ಅತ್ತೆ, ಮೇಷ್ಟ್ರ ಮನೆ, ನೆಂಟರು, ಜಾತಿಯವರು, ಪರಿಚಯದವರು. ನಮ್ಮನೆ ಕೆಲಸಕ್ಕೆ ಬರ್ತಿದ್ದ ಹೆಂಗಸು ಒಂದು ಬಿಳಿ ಡೇರೆ ಗೆಡ್ಡೆಗೆ ಎರಡು ವರ್ಷ ಕೇಳಿದ್ದು ನನಗೆ ನೆನಪಿದೆ, ಮುಂದಿನ ಮಳೆಗಾಲಕ್ಕೆ ಮುಂದಿನ ಮಳೆಗಾಲಕ್ಕೆ ಅಂತ ಹೇಳ್ತಾನೇ ಇದ್ರು. ಇಲ್ಲಿ ನನ್ನಂಥ ಬಣ್ಣದವನು, ಹೆಸರು ಹೇಳೋಕೂ ಬರದವನು, 5 ಪೌಂಡ್ ಕೊಟ್ಟಮೇಲೆ ಆ ಅಜ್ಜನ ಸತ್ತ ಗಿಡಗಳ ಕುಂಡದವರೆಗೆ ಹೋಗ್ಬಹುದು, ಯಾರ ಮಗ ಯಾವ ಊರು ಅಂತ ಕೇಳಲ್ಲ. ಟಿಕೆಟ್ ಅಂದ್ರೆ ಬರೀ ದುಡ್ಡಲ್ಲ ಅಂತ ನನಗೆ ಅನ್ಸಿದ್ದು ಇದಕ್ಕೇ. ಅಮ್ಮ ಇದಕ್ಕೆ ಏನೂ ಹೇಳ್ಲಿಲ್ಲ, ಪಾತ್ರೆ ತೊಳೆಯೋಕೆ ಎದ್ದು ಹೋದ್ಲು.

ಬೆಂಗಳೂರಿನ ತಾರಸಿ ತೋಟದವರು ಊಟ ಫ್ರಮ್ ಯುವರ್ ತೋಟ ಅಂತ ಸೇರ್ತಾರಲ್ಲ, ಬೀಜ ಹಂಚ್ಕೊಂಡು, ಗೊಬ್ಬರದ ಮಾತಾಡ್ಕೊಂಡು, ಅದು ಈ ದಾರೀಲೇ ಇದೆ, ಯಾರು ಬೇಕಾದ್ರೂ ಹೋಗಬಹುದು. ಆದ್ರೆ ಅಲ್ಲಿ ಜನ ಬಂದು ಒಂದು ಕಡೆ ಸೇರೋದು, ಗಿಡಗಳೆಲ್ಲ ಮನೇಲಿ ತಾರಸಿ ಮೇಲೆ. ಒಂದ್ಸಲ ಒಂದು ಲೇಔಟಿನ ನಾಲ್ಕು ತಾರಸಿ ತೆಗೆದ್ರೆ ಸಾಕು, ಸತ್ತ ಗಿಡಗಳನ್ನೂ ಇಟ್ಕೊಂಡು. ಮಲೆನಾಡಲ್ಲಂತೂ ಗೌರಿ ಹಬ್ಬದ ಆಸುಪಾಸು ಒಂದು ಕೇರಿಯ ಐದು ಅಂಗಳ ತೆಗೆದ್ರೆ 45 ನಿಮಿಷ ಯಾಕೆ, ಜನ ಮಧ್ಯಾಹ್ನದವರೆಗೂ ಹೋಗಲ್ಲ. ಟಿಕೆಟ್ 20 ರೂಪಾಯಿ ಇಡಿ, ಆಶಾ ಕಾರ್ಯಕರ್ತೆಯರಿಗೆ ಕೊಡಿ, ಇಲ್ಲಿ ನರ್ಸ್‌ಗಳಿಗೆ ಕೊಟ್ಟ ಹಾಗೆ.

ಇದನ್ನೇ ಮೊನ್ನೆ ಫೋನಲ್ಲಿ ಅಮ್ಮಂಗೆ ಹೇಳ್ದೆ. ಟಿಕೆಟ್ಟಾ, ನಮ್ಮನೆ ಗೇಟು ಯಾವತ್ತು ಹಾಕಿತ್ತು ಅಂತ ನಕ್ಕಳು. ಸ್ವಲ್ಪ ಹೊತ್ತು ಬಿಟ್ಟು ಅವಳೇ ಕೇಳಿದ್ಲು, ಅಲ್ಲ ಕಣೋ, ಹಾಗೆ ಬಂದ ಗುರುತಿಲ್ಲದೋರು ಗೆಡ್ಡೆ ಕೇಳಿದ್ರೆ ಕೊಡೋದಾ ಮಾರೋದಾ? ಬಿಳೀದು ಎರಡೇ ಗೆಡ್ಡೆ ಉಳಿದಿರೋದು ಬೇರೆ. ನಾನಿನ್ನೂ ಏನೂ ಹೇಳಿಲ್ಲ.